ಕನ್ನಡವರಿಯದವರಿಗೆ ಕನ್ನಡ ಕಲಿಸುವ ಕಾಯಕ

ಕನ್ನಡವನ್ನು ಪ್ರಧಾನ ವಿಷಯವನ್ನಾಗಿ ಆಯ್ದುಕೊಂಡು ಬಿ.ಎ., ಎಂ.ಎ. ಪದವಿಗಳನ್ನು ಪಡೆದ ತರುಣರು ವರುಷ ವರುಷವೂ ಕನ್ನಡ ಅಧ್ಯಾಪಕರ ಮುಂದಿಡುವ ಪ್ರಶ್ನೆ ಒಂದೇ: “ಗುರುಗಳ, ಮುಂದೇನ್ರಿ?” ಈ ಪ್ರಶ್ನೆಗೆ ನಾವು ಕೊಡುತ್ತ ಬಂದಿರುವ ಉತ್ತರಗಳು ಎರಡು. ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಶಿಕ್ಷಕನ ಸ್ಥಾನ ಬರಿದಾಗುವವರೆಗೆ ಕಾಯುವುದು ಒಂದು. ಅತಿಥಿ ಉಪನ್ಯಾಸಕನಾಗಿ ದುಡಿಯುತ್ತ ಕಾಯುವುದು ಇನ್ನೊಂದು. ಎರಡರಲ್ಲಿಯೂ ಕಾಯುವಿಕೆಯೇ ಮುಖ್ಯ. ಇತ್ತ ತಂದೆತಾಯಿಗಳು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಕಡೆಗೆ ಕಳುಹುತ್ತಿದ್ದಾರೆ. ಕನ್ನಡ ಮಾಧ್ಯಮದ ತರಗತಿಗಳು ತೆರವಾಗುತ್ತಿವೆ. ಇಂಥ ಸ್ಥಿತಿಯಲ್ಲಿ ಕನ್ನಡ ಓದಿದವನಿಗೆ ಉದ್ಯೋಗವಿಲ್ಲವೆಂಬ ಮಾತು ಗಾದೆಯಂತೆ ಹಬ್ಬಿರುವುದು ಆಶ್ಚರ್ಯವಲ್ಲ.

ಆದರೆ ಈ ಮಾತು ಅರ್ಧ ಸತ್ಯ. ಕನ್ನಡ ಬಲ್ಲವರ ಮಕ್ಕಳಿಗೆ ಕನ್ನಡ ಕಲಿಸುವ ಉದ್ಯೋಗ ಕುಗ್ಗುತ್ತಿರುವುದು ನಿಜ. ಕನ್ನಡವನ್ನು ಅರಿಯದವರಿಗೆ ಕನ್ನಡ ಕಲಿಸುವ ಅಗತ್ಯವು ಮಾತ್ರ ಹಿಂದೆಂದಿಗಿಂತಲೂ ಹೆಚ್ಚಾಗಿದೆ. ಆ ಅಗತ್ಯವನ್ನು ಉದ್ಯೋಗವನ್ನಾಗಿ ಮಾರ್ಪಡಿಸುವ ವಿದ್ಯೆಯನ್ನು ನಾವು ನಮ್ಮ ಶಿಷ್ಯರಿಗೆ ಕಲಿಸಿಲ್ಲ. ಶ್ರೀಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯೊಂದು ಈ ವಿಷಯದಲ್ಲಿ ಮಾಡಬಹುದಾದುದು, ಮಾಡಲೇಬೇಕಾದುದು ಬಹಳವಿದೆಯೆಂಬುದನ್ನು ಪೂಜ್ಯರ, ದಾನಿಗಳ ಹಾಗೂ ಹಳೆಯ ವಿದ್ಯಾರ್ಥಿಗಳ ಅವಗಾಹನೆಗೆ ತರುವುದೇ ಪ್ರಕೃತ ಲೇಖನದ ಉದ್ದೇಶ.

ಪರಂಪರೆಗೆ ಹೊಸದಲ್ಲ

ಅನ್ಯಭಾಷಿಕರಿಗೆ ಕನ್ನಡ ಹೇಳಿಕೊಡುವುದು ಪಂಡಿತ ಪರಂಪರೆಗೆ ಒಗ್ಗದ ಕೆಲಸವೆಂದು ಕೆಲವರು ಭಾವಿಸಿದ್ದಾರೆ. ಇದು ಸರಿಯಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಕನ್ನಡದ ಕಂದಪದ್ಯಗಳಲ್ಲಿ ರಚಿಸಿದನು. ಅದನ್ನು ಓದಲು ಮೊದಲೇ ಕನ್ನಡ ಬರಬೇಕು. ಆದರೆ ಅವನಿಗಿಂತ ಮುಂಚಿನ ಎರಡನೆಯ ನಾಗವರ್ಮನು ‘ಕರ್ಣಾಟಕ ಭಾಷಾಭೂಷಣ’ವನ್ನು ಬರೆದುದು ಸಂಸ್ಕೃತ ಸೂತ್ರಗಳಲ್ಲಿ. ಭಟ್ಟಾಕಳಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದುದೂ ಸಂಸ್ಕೃತದಲ್ಲಿಯೇ. ಕನ್ನಡದ ಸ್ವರೂಪವನ್ನು ಅನ್ಯಭಾಷೆಯ ಮೂಲಕ ವಿವರಿಸಿ, ಹೊರಗಿನ ವಿದ್ವಾಂಸನೂ ಅದನ್ನು ತಿಳಿಯುವಂತೆ ಮಾಡುವ ದಾರಿಯನ್ನು ನಮ್ಮ ವೈಯಾಕರಣರೇ ಹಾಕಿಕೊಟ್ಟಿದ್ದಾರೆ.

ಆ ದಾರಿಯು ಜೀವನೋಪಾಯದ ದಾರಿಯೂ ಆದುದು 19ನೆಯ ಶತಮಾನದಲ್ಲಿ. ಮದರಾಸಿನಲ್ಲಿ 1812ರಲ್ಲಿ ಆರಂಭವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಕಂಪನಿ ಸರಕಾರದ ತರುಣ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲು ದೇಶೀಯ ಪಂಡಿತರನ್ನು ವೇತನ ಕೊಟ್ಟು ನೇಮಿಸಿಕೊಂಡಿದ್ದರು. ಆ ಕಾಲದ ಅಗತ್ಯದಿಂದಲೇ 1817ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ, 1820ರಲ್ಲಿ ಮದರಾಸಿನಲ್ಲಿ ಮೆಕೆರೆಲ್ಲನ ವ್ಯಾಕರಣ, 1824 ಮತ್ತು 1832ರಲ್ಲಿ ರೀವನ ನಿಘಂಟುಗಳು ಹೊರಬಂದವು. ಈ ಗ್ರಂಥಗಳ ಹೊದಿಕೆಯ ಮೇಲೆ ಇರುವುದು ಪರದೇಶೀಯರ ಹೆಸರು. ಅವರ ಎದುರಿಗೆ ಕುಳಿತು ಶಬ್ದ ಶಬ್ದವನ್ನೂ ಹೇಳಿಕೊಟ್ಟವರು ನಮ್ಮ ಪಂಡಿತರು, ಮುನ್ಶಿಗಳು.

ನಮ್ಮ ಗದಗ ಸೀಮೆಯೂ ಈ ಇತಿಹಾಸಕ್ಕೆ ಹೊರತಲ್ಲ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿ ಹಾಗೂ ಮಲ್ಲಸಮುದ್ರಗಳಿಗೂ ಬಂದು ನೆಲೆಸಿದರು. ಅವರ ಧರ್ಮಪ್ರಸಾರದ ಉದ್ದೇಶವನ್ನು ಕುರಿತು ನಮ್ಮ ಸಮಾಜದವರಿಗೆ ಇರುವ ಭಿನ್ನಾಭಿಪ್ರಾಯ ಬೇರೆ ಮಾತು. ಆದರೆ ಜರ್ಮನ್ ನಾಡಿನಿಂದ ಬಂದ ಆ ಜನರು ಮೊದಲು ಮಾಡಿದ ಕೆಲಸವೆಂದರೆ ಊರಿನ ಕನ್ನಡವನ್ನು ಕಲಿತುದು. ಹಾಗೆ ಕಲಿತವರಲ್ಲಿ ಒಬ್ಬರಾದ ವುರ್ತ ಅವರು ಬಸವಪುರಾಣ, ಚನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದರು. 1853ರಲ್ಲಿ ಬಂದ ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮಹಾನಿಘಂಟನ್ನು ಕನ್ನಡಕ್ಕೆ ಕೊಟ್ಟರು. ಅನ್ಯನೊಬ್ಬನಿಗೆ ಚೆನ್ನಾಗಿ ಕಲಿಸಿದ ಕನ್ನಡವು ಎಂಥ ಫಲವನ್ನು ಮರಳಿ ಕೊಡಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಅದೇ ಮಲ್ಲಸಮುದ್ರ, ಇಂದು

ಆ ಮಲ್ಲಸಮುದ್ರದಲ್ಲಿಯೇ ಇಂದು ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. 2015ರಲ್ಲಿ ಆರಂಭವಾದ ಈ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದಿಂದ ನಮ್ಮ ಜಿಲ್ಲೆಗೆ ಆದ ಉಪಕಾರ ಅಷ್ಟಿಷ್ಟಲ್ಲ. ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ ಹದಿನೈದು ಸ್ಥಾನಗಳು ಅಖಿಲ ಭಾರತ ಪಾಲಿಗೆ ಮೀಸಲು. ಆ ಸ್ಥಾನಗಳಿಗೆ ರಾಜಸ್ಥಾನ, ಬಿಹಾರ, ಕೇರಳವೆನ್ನದೆ ಎಲ್ಲ ಕಡೆಯ ವಿದ್ಯಾರ್ಥಿಗಳು ಬರಬಹುದು. ಅವರು ರೋಗಿಯನ್ನು ಮುಟ್ಟಿ ನೋಡುವ ಮೊದಲು ಅವನ ಮಾತನ್ನು ಕೇಳಬೇಕು. ನಮ್ಮ ರೋಗಿಯಾದರೋ ಮುಂಡರಗಿಯ ಕಡೆಯಿಂದಲೋ ಶಿರಹಟ್ಟಿಯ ಕಡೆಯಿಂದಲೋ ಬಸ್ಸು ಹಿಡಿದು ಬಂದ ಮುದುಕಿ. ಆಕೆ ಹೇಳುವುದು ಹೀಗೆ: “ಎದಿ ಹಿಡದಂಗ ಆಗೇತ್ರಿ, ಕಣ್ಣಿಗೆ ಕತ್ತಲಿ ಬರತೈತಿ, ಜೀವ ಒಲ್ಲೆ ಅಂತೈತಿ.” ಈ ಮೂರು ಮಾತುಗಳಲ್ಲಿ ಮೂರು ಬೇರೆ ಬೇರೆ ಲಕ್ಷಣಗಳಿವೆ. ಪುಸ್ತಕದ ಕನ್ನಡವನ್ನು ಕಲಿತವನಿಗೂ ಇವು ತಟ್ಟನೆ ತಿಳಿಯುವುದಿಲ್ಲ. ಕೈಯೊಳಗಿನ ಯಂತ್ರ ಒಂದು ಭಾಷೆಯನ್ನು ಇನ್ನೊಂದಕ್ಕೆ ತಿರುಗಿಸುತ್ತದೆಯೆಂದು ಹೇಳುವವರು ಹಲ್ಲಿಲ್ಲದ ಬಾಯಿಂದ ನರಳುತ್ತ ಬರುವ ಗದುಗಿನ ಮಾತನ್ನು ಅದರ ಮುಂದೆ ಹಿಡಿದು ನೋಡಬಹುದು.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಸ್ಥಳೀಯ ಭಾಷೆಯ ಪರಿಚಯವಾಗಬೇಕೆಂಬುದನ್ನು 2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮವು ತನ್ನ ಆರಂಭಿಕ ಶಿಕ್ಷಣದಲ್ಲಿ ಸೇರಿಸಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’ವನ್ನೂ ಬಾರದವರಿಗೆ ‘ಬಳಕೆ ಕನ್ನಡ’ವನ್ನೂ ಇಟ್ಟಿದೆ. ಕರ್ನಾಟಕದ ಶಾಲೆಗಳೆಲ್ಲವೂ, ಕೇಂದ್ರೀಯ ಪಠ್ಯಕ್ರಮದವೂ ಸೇರಿ, ಕನ್ನಡವನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕೆಂದು 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ವಿಧಿಸುತ್ತದೆ. ಬೆಂಗಳೂರಿನ ಅಂಥ ಶಾಲೆಯೊಂದರ ತರಗತಿಯಲ್ಲಿ ಮನೆಮಾತು ಕನ್ನಡವಾಗಿರುವ ಮಕ್ಕಳಿಗಿಂತ ಅಲ್ಲದ ಮಕ್ಕಳೇ ಹೆಚ್ಚಾಗಿರುವುದುಂಟು. ನಮ್ಮೂರ ಬ್ಯಾಂಕಿಗೆ ಉತ್ತರದಿಂದ ವರ್ಗವಾಗಿ ಬಂದ ಅಧಿಕಾರಿಯ ಎದುರಿಗೆ ಪಾಸ್‌ಪುಸ್ತಕ ಹಿಡಿದು ನಿಂತ ರೈತನ ಸಂಕಟವನ್ನು ಕಾಣದವರು ಯಾರು? ಅಗತ್ಯ ಇಲ್ಲವೆಂದು ಹೇಳುವಂತಿಲ್ಲ.

ಜಪಾನಿನ ಪಾಠ

ಹಾಗಾದರೆ ಕಾನೂನು ಇದೆ, ಪಠ್ಯವಿದೆ, ಇನ್ನೇನು ಚಿಂತೆ ಎಂದು ಕೇಳಬಹುದು. ನಿಯಮದ ಆಸರೆಯಿಂದ ಮಾತ್ರ ನಿಂತ ಭಾಷಾ ಶಿಕ್ಷಕನ ಗತಿ ಏನಾಗುತ್ತದೆಂಬುದಕ್ಕೆ ಪೂರ್ವದ ಜಪಾನ್ ದೇಶದಲ್ಲಿ ಫ್ರೆಂಚ್, ಜರ್ಮನ್ ಭಾಷೆಗಳನ್ನು ಕಲಿಸುವವರ ಕಥೆ ಒಳ್ಳೆಯ ನಿದರ್ಶನ. ಅಲ್ಲಿಯೂ ನಮ್ಮಲ್ಲಿಯಂತೆ ಜನರ ಕಣ್ಣೆಲ್ಲ ಇಂಗ್ಲಿಷಿನ ಮೇಲೆ. ಪರದೇಶದಿಂದ ಹೋದ ಶಿಕ್ಷಕನಿಗೆ ಇಂಗ್ಲಿಷ್ ಕಲಿಸುವ ಕೆಲಸ ಸುಲಭವಾಗಿ ದೊರೆಯುತ್ತದೆ. ಬೇರೆ ಭಾಷೆಯವನು ಅಲೆಯಬೇಕಾಗುತ್ತದೆ. ಆದರೆ ಹಿಂದೆ ಹೀಗಿರಲಿಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಜಪಾನೀಯರು ಆಧುನಿಕ ವಿದ್ಯೆಗಳನ್ನು ಕಲಿಯತೊಡಗಿದಾಗ ವೈದ್ಯವನ್ನು ಜರ್ಮನ್ ಭಾಷೆಯಿಂದಲೂ ನ್ಯಾಯಶಾಸ್ತ್ರವನ್ನು ಬಹುಮಟ್ಟಿಗೆ ಫ್ರೆಂಚ್ ಭಾಷೆಯಿಂದಲೂ ಪಡೆದರು. ಅಲ್ಲಿನ ವೈದ್ಯರು ರೋಗಿಯ ವಿವರ ಬರೆಯುವ ಹಾಳೆಗೆ ಇಂದಿಗೂ ‘ಕಾರುತೆ’ ಎನ್ನುತ್ತಾರೆ. ಅದು ಜರ್ಮನ್ ಭಾಷೆಯ ‘ಕಾರ್ಟೆ’ ಶಬ್ದದ ತದ್ಭವ. ಆಗ ಆ ಭಾಷೆಗಳ ಅಧ್ಯಾಪಕನಿಗೆ ಅಗತ್ಯವೇ ಆಸರೆಯಾಗಿತ್ತು.

ಎರಡನೆಯ ಮಹಾಯುದ್ಧದ ಅನಂತರ ಆ ಅಗತ್ಯ ಇಳಿಯಿತು. ಆದರೂ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷಿನ ಜೊತೆಗೆ ಎರಡನೆಯ ಪರಭಾಷೆಯೊಂದನ್ನು ಕಲಿಯುವ ಪದ್ಧತಿ ಉಳಿದುಕೊಂಡಿತು. ಅದರಿಂದ ಫ್ರೆಂಚ್, ಜರ್ಮನ್ ಅಧ್ಯಾಪಕರ ಸ್ಥಾನಗಳೂ ಉಳಿದವು. 1991ರಲ್ಲಿ ಸರಕಾರವು ವಿಶ್ವವಿದ್ಯಾಲಯಗಳ ಸಾಮಾನ್ಯ ಶಿಕ್ಷಣದ ನಿಯಮಗಳನ್ನು ಸಡಿಲಿಸಿತು. ಯಾವ ಭಾಷೆಯನ್ನು ಎಷ್ಟು ಕಲಿಸಬೇಕೆಂಬುದು ಆಯಾ ವಿಶ್ವವಿದ್ಯಾಲಯದ ಇಚ್ಛೆಗೆ ಬಿಟ್ಟಿತು. ಅನೇಕ ಕಡೆ ಎರಡನೆಯ ಪರಭಾಷೆಯ ಗಂಟೆಗಳು ಕಡಿಮೆಯಾದವು; ಉಳಿದ ಗಂಟೆಗಳಲ್ಲಿಯೂ ನೆರೆಯ ಚೀನೀ, ಕೊರಿಯನ್ ಭಾಷೆಗಳು ಪಾಲು ಪಡೆದವು. ಖಾಯಂ ಸ್ಥಾನಗಳು ಕರಗಿ, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ರೈಲಿನಲ್ಲಿ ಓಡಾಡಿ ಗಂಟೆಯ ಲೆಕ್ಕದಲ್ಲಿ ಕಲಿಸುವ ಅಧ್ಯಾಪಕರ ವರ್ಗವೊಂದು ಬೆಳೆಯಿತು. ನಮ್ಮ ಅತಿಥಿ ಉಪನ್ಯಾಸಕರಿಗೆ ಆ ಚಿತ್ರ ಅಪರಿಚಿತವೆನಿಸದು.

ಇದೇ ಕಾಲದಲ್ಲಿ ಕೆಡದೆ ನಿಂತ ಸಂಸ್ಥೆಯೂ ಒಂದುಂಟು. ಜೋಸೆಫ್ ಕೋತ್ ಎಂಬ ಫ್ರೆಂಚ್ ವಿದ್ವಾಂಸನು 1913ರಲ್ಲಿ ಟೋಕಿಯೋ ನಗರದಲ್ಲಿ ತೆರೆದ ಅಥೆನೇ ಫ್ರಾನ್ಸೇ ಎಂಬ ಪಾಠಶಾಲೆ ನೂರು ವರುಷಗಳನ್ನು ದಾಟಿಯೂ ನಡೆಯುತ್ತಿದೆ. ಅಲ್ಲಿಗೆ ಬರುವವನು ಸರಕಾರದ ನಿಯಮಕ್ಕಾಗಿ ಬರುವುದಿಲ್ಲ. ಭಾಷೆ ಬೇಕೆಂದು ಬರುತ್ತಾನೆ. ಭಾಷಾ ಶಿಕ್ಷಕನ ಉದ್ಯೋಗಕ್ಕೆ ನಿಯಮವು ಊರುಗೋಲು. ಕಲಿಯುವವನ ಅಗತ್ಯವೇ ಕಾಲು. ಊರುಗೋಲು ಇರುವಾಗಲೇ ಕಾಲನ್ನು ಗಟ್ಟಿಮಾಡಿಕೊಳ್ಳುವುದು ಜಾಣತನ. ನಮ್ಮ 2015ರ ಅಧಿನಿಯಮವು ಕನ್ನಡ ಶಿಕ್ಷಕನಿಗೆ ಬಾಗಿಲು ತೆರೆದಿದೆ. ಆ ಬಾಗಿಲೊಳಗೆ ಹೋದವನು ಚೆನ್ನಾಗಿ ಕಲಿಸದಿದ್ದರೆ, ಕನ್ನಡವು ಮಕ್ಕಳಿಗೆ ದಂಡದಂತೆ ತೋರಿ, ನಾಳೆ ಅದನ್ನು ಮುಚ್ಚಬೇಕೆಂದು ಕೂಗುವವರ ಸಂಖ್ಯೆ ಬೆಳೆಯುತ್ತದೆ.

ಕಲಿಸುವ ವಿದ್ಯೆಯೇ ಬೇರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ನಾವು ವಿದ್ವಾನ್ ತರಗತಿಗಳಲ್ಲಿ ಪಂಪನನ್ನು ಓದಿದೆವು, ರನ್ನನನ್ನು ಓದಿದೆವು, ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಮಾಡಿದೆವು. ಈ ಶಿಕ್ಷಣದ ಬೆಲೆಯನ್ನು ಕಡಿಮೆಯೆನ್ನಲಾಗದು. ಆದರೆ ಇದು ಕನ್ನಡ ಬಲ್ಲವನನ್ನು ಪಂಡಿತನನ್ನಾಗಿ ಮಾಡುವ ಶಿಕ್ಷಣ. ಕನ್ನಡ ಬಾರದವನಿಗೆ ಮೊದಲ ದಿನ ಯಾವ ಮಾತನ್ನು ಕಲಿಸಬೇಕು, ಎರಡನೆಯ ದಿನ ಯಾವುದನ್ನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಸಾಮಾನ್ಯವಾಗಿ ನಮ್ಮವರು ಅಂಥವನ ಮುಂದೆ ಕಪ್ಪುಹಲಗೆಯ ಮೇಲೆ ವರ್ಣಮಾಲೆಯನ್ನು ಬರೆಯುತ್ತಾರೆ. ತಿಂಗಳು ಕಳೆದರೂ ಅವನು ‘ಕ್ಷ’ ತಿದ್ದುತ್ತಿರುತ್ತಾನೆ. ಕುಡಿಯಲು ನೀರು ಕೇಳಲು ಬರುವುದಿಲ್ಲ.

ಅವನಿಗೆ ಮೊದಲು ಬೇಕಾದುದು ‘ಬೇಕು’, ‘ಬೇಡ’, ‘ಗೊತ್ತು’, ‘ಇದೆ’, ‘ಇಲ್ಲ’ ಎಂಬ ನಾಲ್ಕೈದು ಮಾತುಗಳು. ಇವುಗಳಿಂದ ಅರ್ಧ ಸಂಸಾರ ಸಾಗುತ್ತದೆ. ಆದರೆ ‘ನನಗೆ ನೀರು ಬೇಕು’ ಎಂಬಲ್ಲಿ ಬೇಡುವವನು ಚತುರ್ಥೀ ವಿಭಕ್ತಿಯಲ್ಲಿ ಇದ್ದಾನೆ. ಇಂಗ್ಲಿಷಿನ ದಾರಿಯಿಂದ ಕನ್ನಡಕ್ಕೆ ಬರುವವನು ‘ನಾನು ನೀರು ಬೇಕು’ ಎಂದೇ ಅನ್ನುತ್ತಾನೆ. ಹಿಂದಿಯವನಿಗೆ ಈ ತೊಡಕಿಲ್ಲ. ಅವನ ಭಾಷೆಯಲ್ಲಿ ‘ಮುಝೆ ಪಾನೀ ಚಾಹಿಯೆ’ ಎಂದೇ ಇದೆ. ಅದನ್ನು ತೋರಿಸಿಕೊಟ್ಟರೆ ಅವನು ಮೊದಲ ದಿನವೇ ಹಿಡಿಯುತ್ತಾನೆ. ಹಿಂದಿಯವನ ತೊಡಕು ಉಚ್ಚಾರಣೆಯಲ್ಲಿದೆ. ಅವನ ಲಿಪಿಯಲ್ಲಿ ಹ್ರಸ್ವ ಎಕಾರ ಒಕಾರಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಆದುದರಿಂದ ‘ಬೆಳೆ’ ‘ಬೇಳೆ’ಗಳೂ ‘ಕೊಡು’ ‘ಕೋಡು’ಗಳೂ ಅವನ ಕಿವಿಗೆ ಒಂದೇ. ಳಕಾರವೂ ಅವನ ನಾಲಗೆಗೆ ಹೊಸದು. ಅವನು ‘ಹಳ್ಳಿಗೆ ಹೋಗುತ್ತೇನೆ’ ಎನ್ನಲು ಹೋಗಿ ‘ಹಲ್ಲಿಗೆ ಹೋಗುತ್ತೇನೆ’ ಎಂದಾಗ ತರಗತಿ ನಗುತ್ತದೆ, ಅವನು ಮರುದಿನ ಬರುವುದಿಲ್ಲ. ಮರಾಠಿಯವನಿಗೆ ಳಕಾರ ಮನೆಯ ಅಕ್ಷರ. ಮಲೆಯಾಳಿಗೆ ಉಚ್ಚಾರಣೆ ಸುಲಭ. ಆದರೆ ಅವನ ಭಾಷೆಯ ಕ್ರಿಯಾಪದಕ್ಕೆ ಪುರುಷಪ್ರತ್ಯಯವಿಲ್ಲ. ಬಂದೆನು, ಬಂದೆ, ಬಂದನು, ಬಂದಳು, ಬಂದಿತು ಎಂಬ ಭೇದವನ್ನು ಅವನು ಬೆವರು ಸುರಿಸಿ ಕಲಿಯಬೇಕು. ತಮಿಳನಿಗೂ ತೆಲುಗನಿಗೂ ಆ ಶ್ರಮವಿಲ್ಲ.

ಹೀಗೆ ಒಬ್ಬೊಬ್ಬ ಕಲಿಯುವವನು ಒಂದೊಂದು ಬಾಗಿಲಿನಿಂದ ಕನ್ನಡದ ಮನೆಯೊಳಗೆ ಬರುತ್ತಾನೆ. ಯಾವ ಬಾಗಿಲಿಗೆ ಯಾವ ಹೊಸ್ತಿಲೆಂಬುದನ್ನು ಬಲ್ಲವನೇ ಶಿಕ್ಷಕ. ಇಲ್ಲಿಯೇ ವಿದ್ವಾನನ ವ್ಯಾಕರಣ ಪಾಂಡಿತ್ಯ ಉಪಯೋಗಕ್ಕೆ ಬರುವುದು. ವಿಭಕ್ತಿ, ಲಿಂಗ, ಪುರುಷ, ಕಾಲಗಳ ವ್ಯವಸ್ಥೆಯನ್ನು ನಿಚ್ಚಳವಾಗಿ ಕಂಡವನಿಗೆ ಅದನ್ನು ಇನ್ನೊಂದು ಭಾಷೆಯ ವ್ಯವಸ್ಥೆಯ ಪಕ್ಕದಲ್ಲಿಟ್ಟು ನೋಡುವುದು ಕಷ್ಟವಲ್ಲ. ಬರಿಯ ಮಾತುಬಲ್ಲ ಕನ್ನಡಿಗನಿಗೆ ‘ಹೀಗೆ ಅನ್ನಬೇಕು’ ಎಂದು ಹೇಳಲು ಬಂದೀತು. ‘ಏಕೆ’ ಎಂದು ಹೇಳಲು ಬಾರದು. ಆದುದರಿಂದ ಹಳೆಯ ಶಿಕ್ಷಣವನ್ನು ಬಿಡಬೇಕೆಂಬುದು ನನ್ನ ವಾದವಲ್ಲ. ಅದಕ್ಕೊಂದು ಹೊಸ ಅಂಕಣವನ್ನು ಕಟ್ಟಬೇಕೆಂಬುದು.

ಕಟ್ಟುವಾಗ ಒಂದು ಮಡಿವಂತಿಕೆಯನ್ನು ಬಿಡಬೇಕಾಗುತ್ತದೆ. ಕಲಿಯುವವನಿಗೆ ‘ಬರುತ್ತೇನೆ’ ಎಂದು ಕಲಿಸಿದರೆ ಸಾಲದು. ಗದುಗಿನಲ್ಲಿ ‘ಬರ್ತೇನ್ರಿ’, ಮೈಸೂರಿನಲ್ಲಿ ‘ಬರ್ತೀನಿ’ ಎನ್ನುವರೆಂಬುದನ್ನೂ ಕಲಿಸಬೇಕು. ಆಡುಮಾತಿನ ಕನ್ನಡದ ಸಮಗ್ರ ವ್ಯಾಕರಣವೊಂದನ್ನು 1983ರಲ್ಲಿ ಪ್ರಕಟಿಸಿದವರು ಅಮೆರಿಕದ ಹೆರಾಲ್ಡ್ ಶಿಫ್‌ಮನ್ ಅವರು. ಇತ್ತೀಚೆ 2020ರಲ್ಲಿ ಆಧುನಿಕ ಕನ್ನಡ ಕಲಿಯುವವರಿಗೆ ದೊಡ್ಡ ಕೈಪಿಡಿಯೊಂದನ್ನು ಬರೆದವರು ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾಲಯದ ರಾಬರ್ಟ್ ಝೈಡೆನ್‌ಬಾಸ್ ಅವರು. ಈ ಕೃತಿಗಳನ್ನು ನಾವು ಗೌರವದಿಂದ ಬಳಸಬೇಕು. ಆದರೆ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡೆಂದು ಗುರುತಿಸಿದ ಪುಲಿಗೆರೆ ಎಂದರೆ ನಮ್ಮ ಲಕ್ಷ್ಮೇಶ್ವರವೇ. ಆ ನಾಡಿನ ಆಡುಮಾತನ್ನು ಹೊರಗಿನವರಿಗೆ ಕಲಿಸುವ ಕ್ರಮಬದ್ಧ ಪಾಠವನ್ನು ಕಟ್ಟುವ ಹೊಣೆ ಮೊದಲು ನಮ್ಮದು. ಶರಣರು ಅನುಭಾವಕ್ಕೆ ಆಯ್ದುಕೊಂಡ ಜನರ ನುಡಿಯು ನಮ್ಮ ತರಗತಿಗೆ ಮೈಲಿಗೆಯಾಗುವುದಾದರೂ ಹೇಗೆ?

ಉದ್ಯೋಗ ಎಲ್ಲಿದೆ?

ತರುಣರಿಗೆ ಸುಳ್ಳು ಆಸೆ ಹುಟ್ಟಿಸುವುದು ಪಾಪ. ಆದುದರಿಂದ ಇದ್ದುದನ್ನು ಇದ್ದಂತೆ ಹೇಳುತ್ತೇನೆ. ಪರದೇಶದ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಕಲಿಸುವ ಸ್ಥಾನಗಳು ಬೆರಳೆಣಿಕೆಯಷ್ಟು. ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಬಿ. ಎ. ವಿವೇಕ ರೈ ಅವರಂಥ ಹಿರಿಯ ವಿದ್ವಾಂಸರು ಸಂದರ್ಶಕ ಪ್ರಾಧ್ಯಾಪಕರಾಗಿ ಕನ್ನಡ ಕಲಿಸಿದ್ದುಂಟು. ಅಂಥ ಕಡೆಗೆ ಡಾಕ್ಟರೇಟ್ ಪದವಿ, ಸಂಶೋಧನೆ, ಇನ್ನೊಂದೆರಡು ಭಾಷೆಗಳ ಬಲ ಎಲ್ಲವೂ ಬೇಕು. ಅಮೆರಿಕದಲ್ಲಿಯೂ ಗಲ್ಫ್ ನಾಡುಗಳಲ್ಲಿಯೂ ಕನ್ನಡ ಕುಟುಂಬಗಳು ತಮ್ಮ ಮಕ್ಕಳಿಗಾಗಿ ನಡೆಸುವ ವಾರದ ಕನ್ನಡ ಶಾಲೆಗಳು ಶ್ಲಾಘನೀಯ. ದುಬೈಯ ಕನ್ನಡ ಪಾಠಶಾಲೆ 2014ರಿಂದ ನಡೆಯುತ್ತಿದೆ. ಆದರೆ ಅವುಗಳಲ್ಲಿ ಹೆಚ್ಚಿನವು ಸ್ವಯಂಸೇವಕರಿಂದ ನಡೆಯುವಂಥವು. ಅವುಗಳನ್ನು ನಂಬಿ ಇಲ್ಲಿಂದ ಯಾರೂ ಹಡಗು ಹತ್ತಲಾಗದು.

ದೇಶದೊಳಗೆ ನೋಡಿದರೆ, ಮೈಸೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನ ಮತ್ತು ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರವಿದೆ. ಅಲ್ಲಿಗೆ ಬೇರೆ ರಾಜ್ಯಗಳ ಶಾಲಾ ಶಿಕ್ಷಕರು ಬಂದು ಹತ್ತು ತಿಂಗಳು ಕನ್ನಡವನ್ನು ಕಲಿತು ಹೋಗುತ್ತಾರೆ. ಅನ್ಯಭಾಷಿಕರಿಗೆ ಶಾಸ್ತ್ರೀಯ ಕ್ರಮದಿಂದ ಕನ್ನಡ ಕಲಿಸುವ ಅನುಭವ ನಾಡಿನಲ್ಲಿ ಶೇಖರವಾಗಿರುವುದು ಮುಖ್ಯವಾಗಿ ಅಲ್ಲಿ. ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಕರ್ನಾಟಕ ಸರಕಾರದ ನೆರವಿನಿಂದ ಕನ್ನಡ ಪೀಠ ಸ್ಥಾಪಿತವಾಯಿತು. ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಇನ್ನೂ ಹಳೆಯವು. ಇವೆಲ್ಲ ಕೂಡಿದರೂ ಸ್ಥಾನಗಳು ಕೆಲವೇ.

ಬಹು ಜನರಿಗೆ ಅನ್ನ ಕೊಡಬಲ್ಲ ಕೆಲಸವಿರುವುದು ಹತ್ತಿರದಲ್ಲಿ: ಬೆಂಗಳೂರಿನ ಕೇಂದ್ರೀಯ ಪಠ್ಯಕ್ರಮದ ಶಾಲೆಗಳಲ್ಲಿ, ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ, ಬ್ಯಾಂಕು ರೈಲ್ವೆ ಕಚೇರಿಗಳಲ್ಲಿ, ದೊಡ್ಡ ದೊಡ್ಡ ಕಂಪನಿಗಳಲ್ಲಿ. ಈ ಸಂಸ್ಥೆಗಳು ಕನ್ನಡ ಕಲಿಸುವವನನ್ನು ಹುಡುಕುವಾಗ ಅವನ ಎಂ.ಎ. ಶ್ರೇಣಿಯನ್ನು ನೋಡುವುದಕ್ಕಿಂತ “ಮೂರು ತಿಂಗಳಲ್ಲಿ ನಮ್ಮವರಿಗೆ ಮಾತು ಬರುವಂತೆ ಮಾಡುವಿರಾ?” ಎಂದು ಕೇಳುತ್ತವೆ. ‘ಹೌದು’ ಎನ್ನಬಲ್ಲವನು ಹಿಂದಿಯನ್ನಾದರೂ ಚೆನ್ನಾಗಿ ಬಲ್ಲವನಾಗಿರಬೇಕು; ಭಾಷಾವಿಜ್ಞಾನದ ಮೂಲತತ್ವಗಳನ್ನು ಓದಿರಬೇಕು; ತನ್ನದೇ ಪಾಠಗಳ ವಹಿಯೊಂದನ್ನು ಸಿದ್ಧಮಾಡಿಕೊಂಡಿರಬೇಕು; ಹತ್ತು ಮಂದಿಗಾದರೂ ಕಲಿಸಿ ಅನುಭವ ಪಡೆದಿರಬೇಕು. ಈ ನಾಲ್ಕರಲ್ಲಿ ಒಂದನ್ನೂ ನಮ್ಮ ಪದವಿಗಳು ಕಡ್ಡಾಯವಾಗಿ ಕೊಡುವುದಿಲ್ಲ.

ಕಾಯಕವೆಂದರೆ ಬಿಟ್ಟಿ ಚಾಕರಿಯಲ್ಲ

ಇಲ್ಲೊಂದು ಸೂಕ್ಷ್ಮ ವಿಷಯವನ್ನು ಹೇಳಲೇಬೇಕು. ಕನ್ನಡ ಕಲಿಸುವುದು ನಾಡಸೇವೆಯೆಂದು ಹೊಗಳಿ, ಸಂಭಾವನೆಯ ಮಾತು ಬಂದಾಗ ಹಾರ ಶಾಲುಗಳನ್ನು ಮುಂದಿಡುವ ರೂಢಿ ನಮ್ಮಲ್ಲಿದೆ. ಇಂಗ್ಲಿಷ್ ಕಲಿಸುವವನಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಡುವವರು ಕನ್ನಡದವನಿಗೆ ಅಭಿಮಾನವನ್ನೇ ವೇತನವೆಂದು ಕೊಡುತ್ತಾರೆ. ಇದು ಶರಣರ ಕಾಯಕ ತತ್ತ್ವಕ್ಕೆ ವಿರುದ್ಧವಾದುದು. ಆಯ್ದಕ್ಕಿ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಮರಳಿ ಚೆಲ್ಲಿಬರಲು ಹೇಳಿದ ಕಥೆ ಎಲ್ಲರಿಗೂ ಗೊತ್ತು. ಹೆಚ್ಚು ಬೇಡವೆಂಬುದು ಆ ಕಥೆಯ ಒಂದು ಮುಖ. ನಿತ್ಯದ ಅಳತೆಯೊಂದು ಇತ್ತು, ಅದು ಅವರಿಗೆ ನಿತ್ಯವೂ ದೊರೆಯುತ್ತಿತ್ತು, ಅದರಿಂದಲೇ ಅವರ ದಾಸೋಹ ನಡೆಯುತ್ತಿತ್ತು ಎಂಬುದು ಇನ್ನೊಂದು ಮುಖ. ಬರಿಗೈಯಲ್ಲಿ ಮನೆಗೆ ಹೋಗುವವನು ದಾಸೋಹ ಮಾಡುವುದಾದರೂ ಯಾವುದರಿಂದ? ಶಿಕ್ಷಕನಿಗೆ ನ್ಯಾಯವಾದ ಅಳತೆ ದೊರೆಯುವಂತೆ ಮಾಡುವುದೂ ಭಾಷಾಸೇವೆಯ ಭಾಗ.

ಶ್ರೀಮಠ ಮತ್ತು ದಾನಿಗಳಲ್ಲಿ ವಿನಂತಿ

ಈ ಎಲ್ಲ ವಿಚಾರಗಳಿಂದ ಫಲಿಸುವ ಸಲಹೆ ಸರಳವಾದುದು. ನಮ್ಮ ವಿದ್ಯಾಲಯದ ಆಶ್ರಯದಲ್ಲಿ ಕನ್ನಡೇತರರಿಗೆ ಕನ್ನಡ ಕಲಿಸುವ ಶಿಕ್ಷಕರ ತರಬೇತಿ ವರ್ಗವೊಂದನ್ನು ಆರಂಭಿಸಬೇಕು. ವರುಷಕ್ಕೆ ಹತ್ತು ಜನ ಕನ್ನಡ ಪದವೀಧರರು ಸಾಕು. ಮೊದಲ ಮೂರು ತಿಂಗಳು ಅವರು ಭಾಷಾವಿಜ್ಞಾನವನ್ನೂ ಹಿಂದಿಯನ್ನೂ ಪಾಠ ಕಟ್ಟುವ ಕ್ರಮವನ್ನೂ ಕಲಿಯಲಿ. ಮೈಸೂರಿನ ಸಂಸ್ಥೆಯಲ್ಲಿ ಕಲಿಸಿ ನಿವೃತ್ತರಾದವರನ್ನು ಒಂದೆರಡು ವಾರ ಕರೆಸಿಕೊಳ್ಳಬಹುದು. ಮುಂದಿನ ಮೂರು ತಿಂಗಳು ಅವರೇ ಸಂಜೆಯ ತರಗತಿಗಳನ್ನು ನಡೆಸಲಿ. ಮಲ್ಲಸಮುದ್ರದ ಹೊರರಾಜ್ಯದ ವೈದ್ಯವಿದ್ಯಾರ್ಥಿಗಳು, ಗದಗ ಬೆಟಗೇರಿಯ ಬ್ಯಾಂಕು ನೌಕರರು, ಇಂಜಿನಿಯರಿಂಗ್ ಕಾಲೇಜಿಗೆ ಬಂದ ಪರಊರಿನ ಹುಡುಗರು ಅಲ್ಲಿ ಕಲಿಯಲಿ. ಒಟ್ಟು ಅರುವತ್ತು ಗಂಟೆಗಳ ಪಾಠ: ಮೊದಲ ಇಪ್ಪತ್ತು ಗಂಟೆಗಳಲ್ಲಿ ಅಕ್ಷರವನ್ನು ಮುಟ್ಟದೆ ಬರಿಯ ಕಿವಿ ಬಾಯಿಗಳ ಅಭ್ಯಾಸ, ನಡುವಣ ಇಪ್ಪತ್ತರಲ್ಲಿ ಲಿಪಿ, ಕೊನೆಯ ಇಪ್ಪತ್ತರಲ್ಲಿ ಆಸ್ಪತ್ರೆ, ಪೇಟೆ, ಕಚೇರಿಗಳ ಮಾತು. ಕಲಿಯುವವರಿಂದ ಮಿತವಾದ ಶುಲ್ಕ ಪಡೆಯಬೇಕು. ಕಾಸು ಕೊಟ್ಟವನು ತಪ್ಪದೆ ಬರುತ್ತಾನೆ, ಕಲಿಸುವವನೂ ತಪ್ಪದೆ ಕಲಿಸುತ್ತಾನೆ.

ಇದಕ್ಕೆ ಹೊಸ ಕಟ್ಟಡ ಬೇಡ. ಸಂಜೆ ಬರಿದಾಗಿರುವ ಎರಡು ಕೋಣೆಗಳು ಸಾಕು. ಹತ್ತು ತರಬೇತಿದಾರರಿಗೆ ಆರು ತಿಂಗಳ ವಿದ್ಯಾರ್ಥಿವೇತನ ಹಾಗೂ ಪಾಠಪುಸ್ತಕದ ಮುದ್ರಣ, ಇವೆರಡೇ ಮುಖ್ಯ ವೆಚ್ಚಗಳು. ಬೆಂಗಳೂರು, ಪುಣೆ, ಅಮೆರಿಕಗಳಲ್ಲಿ ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿಗಳು ಇಲ್ಲಿ ಎರಡು ರೀತಿಯಿಂದ ನೆರವಾಗಬಹುದು. ಧನದಿಂದ ನೆರವಾಗುವುದು ಒಂದು. ತಾವು ದುಡಿಯುವ ಕಂಪನಿಯಲ್ಲಿ, ತಮ್ಮ ಮಕ್ಕಳು ಓದುವ ಶಾಲೆಯಲ್ಲಿ ಯೋಗ್ಯ ಕನ್ನಡ ಶಿಕ್ಷಕನೊಬ್ಬ ಬೇಕೆಂದು ಕೇಳುವುದು ಇನ್ನೊಂದು. ಎರಡನೆಯದಕ್ಕೆ ಖರ್ಚಿಲ್ಲ, ಫಲ ದೊಡ್ಡದು. ಕೋಣೆಗಳಿಗೆ, ಕಮಾನುಗಳಿಗೆ ಹೆಸರು ಬರೆಯಿಸುವ ದಾನಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಒಬ್ಬ ಶಿಕ್ಷಕನನ್ನು ಸಿದ್ಧಪಡಿಸುವ ದಾನವು ಕಲ್ಲಿನಲ್ಲಿ ಕಾಣದಿದ್ದರೂ, ಊರ ಮುದುಕಿಯ ಬ್ಯಾನಿಯನ್ನು ಅವಳ ಮಾತಿನಲ್ಲಿಯೇ ಕೇಳಿ ತಿಳಿದುಕೊಳ್ಳುವ ವೈದ್ಯನಲ್ಲಿ ಕಾಣುತ್ತದೆ.

ಕನ್ನಡ ಉಳಿಯಬೇಕೆಂದು ವೇದಿಕೆಗಳಲ್ಲಿ ನಾವು ಬಹಳ ಮಾತನಾಡಿದ್ದೇವೆ. ಮನೆಯ ಮಕ್ಕಳು ಮಾತನಾಡುವುದರಿಂದ ಭಾಷೆ ಉಳಿಯುತ್ತದೆ. ಹೊರಗಿನಿಂದ ಬಂದವರು ಕಲಿಯುವುದರಿಂದ ಬೆಳೆಯುತ್ತದೆ. ಎರಡನೆಯ ಕೆಲಸಕ್ಕೆ ಬೇಕಾದ ಪಾಂಡಿತ್ಯ ನಮ್ಮಲ್ಲಿದೆ, ಕಲಿಯಬೇಕಾದವರು ಬಾಗಿಲಲ್ಲಿದ್ದಾರೆ, ದುಡಿಯಬೇಕಾದ ತರುಣರು ಬಿಡುವಾಗಿದ್ದಾರೆ. ಈ ಮೂವರನ್ನೂ ಒಂದು ಚಾವಣಿಯ ಕೆಳಗೆ ಕೂಡಿಸುವ ಜ್ಞಾನದಾಸೋಹವನ್ನು ಪೂಜ್ಯರು ಬರುವ ಶೈಕ್ಷಣಿಕ ವರುಷದಿಂದಲೇ ಆರಂಭಿಸುವ ಕೃಪೆ ಮಾಡಬೇಕೆಂದು ವಿನಮ್ರನಾಗಿ ಬಿನ್ನವಿಸಿಕೊಳ್ಳುತ್ತೇನೆ.